ನವನಗರದ ಕೆಂಪು ಗೆರೆ

ಬಾದಾಮಿ
೧೨ ಜನವರಿ ೨೦೨೬

ಸೋಮಲಿಂಗನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷೇಮವಿಲ್ಲ ಎಂದು ಬರೆದರೆ ನೀನು ಮೋಟರ್‌ಸೈಕಲ್ ಹತ್ತಿ ಬಂದುಬಿಡುತ್ತೀ. ಆದ್ದರಿಂದ ಆ ಸಾಲನ್ನೇ ಬಿಟ್ಟಿದ್ದೇನೆ.

ನಿನ್ನ ಫೋನು ಯಾಕೆ ಎತ್ತುತ್ತಿಲ್ಲ ಎಂದು ರಂಜನಾಳ ಹತ್ತಿರ ಕೇಳಿದೆಯಂತೆ. ಗಂಡನ ಸಿಟ್ಟಿನ ಲೆಕ್ಕವನ್ನು ಹೆಂಡತಿಯ ಹತ್ತಿರ ಕೇಳಬಾರದು. ಫೋನಿನಲ್ಲಿ ನಾನು ಒಂದು ಆಡಲು ಹೋಗಿ ಇನ್ನೊಂದು ಆಡಿಬಿಡುತ್ತೇನೆ. ಕಾಗದವಾದರೆ ಹರಿದು ಮತ್ತೆ ಬರೆಯಬಹುದು. ಇದು ಮೂರನೆಯ ಹಾಳೆ. ಇನ್ನು ಮೇಲೆ ಏನಿದ್ದರೂ ಅಂಚೆಗೆ ಹಾಕು.

ಈಗ ಕೆಲಸದ ಮಾತು. ಜಿಲ್ಲೆಯ ಹತ್ತನೆಯ ತರಗತಿಯ ಮಕ್ಕಳಿಗೆ ಅಭ್ಯಾಸದ ಪುಸ್ತಕ ಮಾಡುವ ಕೆಲಸವನ್ನು ನಮ್ಮ ಶಿಕ್ಷಕರ ಬಳಗ ನಮ್ಮಿಬ್ಬರ ತಲೆಗೆ ಕಟ್ಟಿದೆ. ನೀನು ಗಣಿತದವನು, ಗ್ರಾಫು ನಿನ್ನದು. ನಾನು ಕನ್ನಡದವನು, ಅದನ್ನು ನೋಡಿ ಬರೆಯುವ ಮಾದರಿ ವಿವರಣೆ ನನ್ನದು. ಒಪ್ಪಿದೆ. ಆದರೆ ಜಗತ್ತಿನಲ್ಲಿ ಮಳೆ ಇದೆ, ಜೋಳ ಇದೆ, ಜನಸಂಖ್ಯೆ ಇದೆ. ಅಷ್ಟೆಲ್ಲ ಬಿಟ್ಟು ಮೂರು ಊರುಗಳ ಮನೆ ಬೆಲೆಯ ಗ್ರಾಫನ್ನೇ ಕಳಿಸಿದ್ದು ಯಾಕೆ? ಅದೂ ೨೦೦೭ರಿಂದಲೇ ಶುರು ಮಾಡಿ?

ಆ ವರ್ಷ ಮೇ ತಿಂಗಳಲ್ಲಿ ನಿನ್ನ ಗಾಡಿಯ ಹಿಂದೆ ಕೂತು ನಾನು ನವನಗರಕ್ಕೆ ಬಂದದ್ದು ನಿನಗೆ ನೆನಪಿದೆ. ಅಕ್ಕಪಕ್ಕದ ಎರಡು ಪ್ಲಾಟು, ನಡುವೆ ಒಂದು ಗಡಿಕಲ್ಲು. ಎಡಗಡೆಯದು ನಿನಗೆ, ಬಲಗಡೆಯದು ನನಗೆ ಎಂದು ಮಾತಾಗಿತ್ತು. ಮಾರುವವನು ಅಂದೇ ಮುಂಗಡ ಸಂಚಕಾರ ಕೇಳಿದ. ಅಧಿಕ ಜ್ಯೇಷ್ಠ ಹತ್ತಿತ್ತು. ಅಧಿಕ ಮಾಸದಲ್ಲಿ ನಮ್ಮ ಮನೆತನದಲ್ಲಿ ಹೊಸ ಸೂಜಿಯನ್ನೂ ಕೊಳ್ಳುವುದಿಲ್ಲ. "ನಿಜ ಮಾಸ ಬರ್ಲಿ, ಕೊಡ್ತೇನಿ" ಎಂದೆ. ನೀನು "ಲೇ ಸತ್ಯಾ, ನಮ್ಮ ಮನಿದೇವ್ರು ಬೀರಪ್ಪ ಪಂಚಾಂಗ ನೋಡಂಗಿಲ್ಲ" ಎಂದು ಅಲ್ಲೇ ಕಿಸೆಗೆ ಕೈ ಹಾಕಿದೆ. ತಿಂಗಳು ಕಳೆದ ಮೇಲೆ ನಾನು ಹೋದರೆ, ನನ್ನ ಪ್ಲಾಟಿನಲ್ಲಿ ಟೇಲರ್ ಶಕೀಲ ಸುಣ್ಣದ ಗೆರೆ ಹೊಡೆದು ಬುನಾದಿ ತೋಡಿಸುತ್ತಿದ್ದ. ಅಂದಿನಿಂದ ನಾನು ಬಾದಾಮಿಯಲ್ಲಿ ಇದೇ ಬಾಡಿಗೆಯ ಎರಡು ಕೋಣೆಯಲ್ಲಿ, ತಗಡಿನ ಮೇಲೆ ಮಂಗಗಳ ಕುಣಿತ ಕೇಳುತ್ತ ಇದ್ದೇನೆ.

ಇರಲಿ. ನೀನು ಕೇಳಿದ ವಿವರಣೆ ಹೀಗಿದೆ:

"ಮೇಲಿನ ಗ್ರಾಫಿನಲ್ಲಿ ಮೂರು ಗೆರೆಗಳಿವೆ. ಹಸಿರು ಗೆರೆ ಬಾದಾಮಿಯದು. ಬಡಪಾಯಿ, ಯಾರ ತಂಟೆಗೂ ಹೋಗದೆ ನೆಲ ಹಿಡಿದು ನಡೆದಿದೆ. ನೀಲಿ ಗೆರೆ ಇಳಕಲ್ಲಿನದು. ಅದು ಏರಿ, ನಡುವೆ ನಿಂತು, ಮರ್ಯಾದೆಯಿಂದ ಮತ್ತೆ ಏರಿದೆ. ಕೆಂಪು ಗೆರೆ ಬಾಗಲಕೋಟೆಯ ನವನಗರದ್ದು. ಅದು ೨೦೦೭ರಲ್ಲಿ ಬಾದಾಮಿಯ ಪಂಕ್ತಿಯಲ್ಲೇ ಕೂತು ಉಂಡೆದ್ದು, ಆಮೇಲೆ ಸೊಕ್ಕಿನಿಂದ ತಲೆ ಎತ್ತಿ, ತಿರುಗಿಯೂ ನೋಡದೆ ಮೇಲೆ ಹೋಗಿಬಿಟ್ಟಿದೆ."

ಇಷ್ಟು ಸಾಕೆಂದು ಭಾವಿಸುತ್ತೇನೆ.

ಬಾಡಿಗೆ ಮನೆಯ
ಸತ್ಯಬೋಧ


ನವನಗರ, ಬಾಗಲಕೋಟೆ
೨೪ ಜನವರಿ ೨೦೨೬

ಸತ್ಯಾ,

ನಿನ್ನ ಕಾಗದವನ್ನು ಮಹಾದೇವಿಗೆ ಓದಿ ಹೇಳಿದೆ. ನನ್ನ ಹೆಂಡತಿಗೆ ನಿನ್ನ ಬರವಣಿಗೆ ಮೊದಲಿನಿಂದಲೂ ಇಷ್ಟ. ಪೂರ್ತಿ ಕೇಳಿ, "ಅಲ್ಲರಿ, ಅವರು ಗೆರಿ ಬಗ್ಗೆ ಬರದಾರೊ, ಬೀಗರ ಬಗ್ಗೆ ಬರದಾರೊ?" ಎಂದಳು.

ಗೆರೆಗೆ ಸೊಕ್ಕಿರುವುದಿಲ್ಲ, ಮಾರಾಯ. ಬಡತನವೂ ಇರುವುದಿಲ್ಲ. ಗೆರೆ ಏರುತ್ತದೆ, ಇಳಿಯುತ್ತದೆ, ಇಲ್ಲವೆ ನಿಲ್ಲುತ್ತದೆ. ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವುದಕ್ಕಿಂತ ಯಾವುದು ಹೆಚ್ಚು, ಇಷ್ಟೇ ಬರೆಯಬೇಕು. ಯಾಕೆ ಏರಿತು ಎಂದು ಬರೆಯುವಂತಿಲ್ಲ, ಯಾಕೆಂದರೆ ಅದು ಗ್ರಾಫಿನಲ್ಲಿ ಇಲ್ಲ. ಪರೀಕ್ಷೆಯಲ್ಲಿ ನಮ್ಮ ಹುಡುಗರು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಕಂಡದ್ದನ್ನು ಬಿಟ್ಟು ಅನಿಸಿದ್ದನ್ನು ಬರೆಯುತ್ತಾರೆ. ಮೇಷ್ಟ್ರೇ ಹಾಗೆ ಬರೆದರೆ ಅವರನ್ನು ಯಾರು ತಿದ್ದಬೇಕು?

೨೦೦೭ರಿಂದ ಶುರು ಮಾಡಿದ್ದು ನಿನ್ನನ್ನು ಚುಚ್ಚಲು ಅಲ್ಲ. ನಾನು ಆ ವರ್ಷ ಪ್ಲಾಟು ಕೊಂಡವನು, ಆವತ್ತಿನ ಬೆಲೆ ನನಗೆ ಗೊತ್ತಿತ್ತು. ಉಳಿದದ್ದನ್ನು ಊರೂರಿನ ಮನೆ ದಲ್ಲಾಳಿಗಳಿಗೆ ಚಹಾ ಕುಡಿಸಿ ಕೇಳಿಕೊಂಡೆ. ಹುನಗುಂದದ್ದೂ ಹಾಕಬೇಕೆಂದಿದ್ದೆ, ಅಲ್ಲಿಯ ದಲ್ಲಾಳಿ ಎರಡು ಚಹಾ ಕುಡಿದು ಬೆಲೆಯನ್ನೇ ಹೇಳಲಿಲ್ಲ.

ಒಂದು ಕೇಳಬೇಕು. ದೀಪಾವಳಿ ಆದ ಮೇಲೆ ನಮ್ಮ ಮಹಡಿಯ ಗೃಹಪ್ರವೇಶಕ್ಕೆ ಬಂದವನು ಊಟ ಮಾಡದೆ ಹೋದೆ. ಎಲೆ ಹಾಕಿ ಕರೆಯುವಷ್ಟರಲ್ಲಿ ನೀನಿಲ್ಲ. ರಂಜನಾ ತಂಗಿ ಒಬ್ಬಳೇ ಪಂಕ್ತಿಯಲ್ಲಿ ಕೂತು ಸಪ್ಪೆ ಮುಖ ಮಾಡಿಕೊಂಡು ಉಂಡಳು. ಅವ್ವ ಈಗಲೂ ಬಿಡುವುದಿಲ್ಲ, "ಆ ಬಾದಾಮಿ ಹುಡುಗ ಯಾಕ ಉಪಾಸ ಹೋದ?" ಎಂದು ಕೇಳುತ್ತಾಳೆ. ನೀನು ಮುಂದಿನ ವರ್ಷ ನಿವೃತ್ತಿಯಾಗುವ ಹುಡುಗ. ಅವಳಿಗೆ ನಾನು ಏನು ಹೇಳಲಿ?

ನಿನ್ನ
ಸೋಮಲಿಂಗ


ಕುಳಗೇರಿ ಕ್ರಾಸ್
೧೧ ಫೆಬ್ರವರಿ ೨೦೨೬

ಸೋಮಲಿಂಗನಿಗೆ,

ಶಾಲೆ ಬಿಟ್ಟಿದೆ, ಬಾದಾಮಿ ಬಸ್ಸು ಬಂದಿಲ್ಲ. ಮುತ್ತಪ್ಪನ ಚಹಾದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಬೆಂಚು ಅಲುಗಾಡುತ್ತಿದೆ ಎಂದು ತಿಳಿ.

ಯಾಕೆ ಉಪವಾಸ ಹೋದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ನೀನು ನನ್ನನ್ನು ಮಹಡಿಗೆ ಕರೆದೊಯ್ದೆ. "ನೋಡಲೇ, ಇಡೀ ಸೆಕ್ಟರ್ ಕಾಣ್ತೈತಿ" ಎಂದು ಕೈ ಚಾಚಿ ತೋರಿಸಿದೆ. ನನಗೆ ಸೆಕ್ಟರು ಕಾಣಲಿಲ್ಲ. ಕೆಳಗೆ ಶಕೀಲನ ಅಂಗಳದಲ್ಲಿ ಆಳೆತ್ತರ ಬೆಳೆದ ಕರಿಬೇವಿನ ಗಿಡ ಕಂಡಿತು. ಅದು ನನ್ನ ಅಂಗಳ, ಆದ್ದರಿಂದ ಅದು ನನ್ನ ಗಿಡ ಎಂದು ಒಂದು ಕ್ಷಣ ಅನಿಸಿಬಿಟ್ಟಿತು. ಅಷ್ಟರಲ್ಲಿ ಶಕೀಲನ ಹೆಂಡತಿ ಮಾಬುಬಿ ಹೊರಗೆ ಬಂದು ಒಂದು ಎಸಳು ಕಿತ್ತುಕೊಂಡು ಒಳಗೆ ಹೋದಳು. ಒಗ್ಗರಣೆಗೆ ಇದ್ದೀತು. ನಾನು ಕೆಳಗಿಳಿದು ಅವರ ಬಾಗಿಲ ಮುಂದೆ ಸುಮ್ಮನೆ ನಿಂತೆ, ಎಷ್ಟು ಹೊತ್ತೋ ಗೊತ್ತಿಲ್ಲ. ಅಲ್ಲಿಂದ ನಿಮ್ಮ ಪಂಕ್ತಿಗೆ ಬರದೆ ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದೆ.

ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಇದಕ್ಕಿಂತ ಮರ್ಯಾದೆಯ ಹೆಸರು ಕನ್ನಡದಲ್ಲಿ ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು. ನಿನ್ನ ಪ್ಲಾಟಿನ ಮೇಲೆ, ಮಹಡಿಯ ಮೇಲೆ, ಮೊಣಕಾಲು ನೋಯದೆ ಮೆಟ್ಟಿಲು ಹತ್ತುವ ನಿನ್ನ ಕಾಲುಗಳ ಮೇಲೆ, ಇನ್ನೂ ಉದುರದ ನಿನ್ನ ತಲೆಗೂದಲಿನ ಮೇಲೆ, ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚು. ನೀನು ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ಕೆಟ್ಟವನ ಐಶ್ವರ್ಯವನ್ನು ಬೈದು ಕೈ ತೊಳೆದುಕೊಳ್ಳಬಹುದು.

ರಂಜನಾ ಅಂದು ಬಸ್ಸಿನಲ್ಲಿ ಕೆರೂರು ದಾಟಿದ ಮೇಲೆ, "ಮಹಾದೇವಿ ಅಡಗಿಮನಿ ಕಟ್ಟಿ ಎಷ್ಟು ಛಲೋ ಎತ್ತರ ಅದ, ಬಗ್ಗೋದ ಬ್ಯಾಡ" ಎಂದಳು. ನಾನು ಕಿಟಕಿ ಹಾಕಿಕೊಂಡೆ.

ಹೊಸ ವಿವರಣೆ:

"ಕೆಂಪು ಗೆರೆಯು ೨೦೧೨ರವರೆಗೆ ನಿಧಾನವಾಗಿ, ಆನಂತರ ವೇಗವಾಗಿ ಏರಿತು. ಸಕಾಲಕ್ಕೆ ಸಂಚಕಾರ ಕೊಟ್ಟವರ ಅದೃಷ್ಟವೇ ಇದಕ್ಕೆ ಕಾರಣ. ನೀಲಿ ಗೆರೆಯು ಕೆಂಪು ಗೆರೆಯನ್ನು ಮುಟ್ಟಲು ಯತ್ನಿಸಿ ಸೋತಿತು. ಹಸಿರು ಗೆರೆಯು ಸ್ವಲ್ಪ ಮಾತ್ರ ಏರಿತು, ಆದರೂ ಅಲ್ಲಿ ವಾಸಿಸುವವರು ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ."

ಸೊಕ್ಕು ತೆಗೆದಿದ್ದೇನೆ, ನೋಡು.

ಬಸ್ಸಿಗೆ ಕಾಯುವ
ಸತ್ಯಬೋಧ


ನವನಗರ
೩೦ ಏಪ್ರಿಲ್ ೨೦೨೬

ಸತ್ಯಾ,

ಬರೆಯುವುದು ತಡವಾಯಿತು. ಪರೀಕ್ಷೆ, ಮೌಲ್ಯಮಾಪನ, ನಡುವೆ ಅವ್ವನ ಕಣ್ಣಿನ ಆಪರೇಷನ್ನು. ನಿನ್ನ ಫೆಬ್ರವರಿಯ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ಮಹಾದೇವಿ ಕೇಳಿದಾಗ, ಗ್ರಾಫಿನ ವಿಷಯ ಎಂದೆ. ನನ್ನ ಕೂದಲನ್ನು ಬೇಕಾದರೆ ಬೋಳಿಸಿಕೊಳ್ಳುತ್ತೇನೆ.

ಈಗ ನಿಧಾನವಾಗಿ ಓದು. ಶಕೀಲ ಮನೆ ಮಾರುತ್ತಿದ್ದಾನೆ.

ಅವನ ಮಗಳು ಇಳಕಲ್ಲಿನಲ್ಲಿ ಸೀರೆಯ ಅಂಗಡಿ ಹಾಕಿದ್ದಾಳೆ. ಕೈಗೆ ಜನ ಸಾಲುತ್ತಿಲ್ಲವಂತೆ, ಅವ್ವ ಅಪ್ಪ ಬಂದು ನಿಲ್ಲಬೇಕೆಂದು ಹಟ ಹಿಡಿದಿದ್ದಾಳೆ. ಮೊನ್ನೆ ಶಕೀಲ ನಮ್ಮ ಕಟ್ಟೆಗೆ ಬಂದು ಕೂತ. ದಲ್ಲಾಳಿಗೆ ಹೇಳುವ ಮೊದಲು ನನಗೆ ಹೇಳಿದ. ಅವನ ಮಾತನ್ನೇ ಬರೆಯುತ್ತೇನೆ:

"ಮಾಸ್ತರ್ರ, ನಿಮ್ಮ ಗೆಳ್ಯಾರು ಆವತ್ತ ನಮ್ಮ ಬಾಗಲಾಗ ನಿಂತಿದ್ದು ನಮ್ಮಾಕಿ ನೋಡ್ಯಾಳ. ಒಳಗ ಕರೀಬೇಕಂತ ಬರೋದ್ರಾಗ ಹೋಗ್ಯಾರ. ಆ ರಾತ್ರಿ ಆಕಿ ಸರಿ ಉಣ್ಣಲಿಲ್ಲ. ಅವರಿಗೆ ಬೇಕಿದ್ರ ಮೊದ್ಲ ಅವರಿಗೆ. ಪ್ಯಾಟಿ ರೇಟ್ ಬ್ಯಾಡ, ನಾಕು ಮಂದಿ ಕೂಡಿ ಹೇಳಿದ್ದು ಕೊಡ್ಲಿ."

ಬೆಲೆ ನನ್ನ ಕೆಂಪು ಗೆರೆಯ ತುದಿಗಿಂತ ಕೆಳಗೇ ಇದೆ. ನಿನ್ನ ಭವಿಷ್ಯನಿಧಿಯಲ್ಲಿ ತೆಗೆಯಲು ಬರುವಷ್ಟು, ರಂಜನಾ ತಂಗಿಗೆ ಸೊಸೈಟಿಯ ನೌಕರಿ ಮುಗಿದು ಮಾರ್ಚಿನಲ್ಲಿ ಬಂದಿರುವಷ್ಟು, ಎರಡೂ ಕೂಡಿದರೆ ಸಾಲ ಮಾಡುವುದೇ ಬೇಡ. ಮೇ ಮುಗಿಯುವವರೆಗೆ ಶಕೀಲ ಯಾರಿಗೂ ಮಾತು ಕೊಡುವುದಿಲ್ಲ. ಅದರ ಮೇಲೆ ಕಾಯಲು ಅವನಿಗೂ ಆಗದು, ಅಂಗಡಿಗೆ ರೊಕ್ಕ ಬೇಕು.

ಈ ಕಾಗದ ತಲುಪಿದ ದಿನವೇ ಬಾ. ರಂಜನಾ ತಂಗಿಗೂ ಓದಿ ಹೇಳು. ಗ್ರಾಫಿನ ಮಾತು ಆಮೇಲೆ. ನಿನ್ನ ವಿವರಣೆಯಲ್ಲಿ "ಅದೃಷ್ಟ", "ಸೋತಿತು", "ಬಾಡಿಗೆ" ಎಂಬ ಮೂರು ಪದ ತೆಗೆದರೆ ಉಳಿದದ್ದು ನೆಟ್ಟಗಿದೆ.

ಕಾಯುತ್ತಿರುವ
ಸೋಮಲಿಂಗ


ಬಾದಾಮಿ
೨೦ ಮೇ ೨೦೨೬

ಸೋಮಲಿಂಗನಿಗೆ,

ನಿನ್ನ ಕಾಗದ ತಲುಪಿದೆ. ಮೇ ಹದಿನೇಳರಿಂದ ಅಧಿಕ ಜ್ಯೇಷ್ಠ ಹತ್ತಿದೆ. ಹತ್ತೊಂಬತ್ತು ವರ್ಷಕ್ಕೆ ಸರಿಯಾಗಿ ಅದೇ ಅಧಿಕ ಮಾಸ ತಿರುಗಿ ಬಂದಿದೆ, ಬೇಕಾದರೆ ಪಂಚಾಂಗ ತೆಗೆದು ನೋಡು. ಈ ತಿಂಗಳಲ್ಲಿ ಅಳಿಯನಿಗೆ ಅನಾರಸದ ಸಿಹಿ ಕೊಡಬಹುದು, ಬ್ರಾಹ್ಮಣರಿಗೆ ದೀಪ ಕೊಡಬಹುದು. ಮನೆ ಕೊಳ್ಳುವಂತಿಲ್ಲ. ಶಕೀಲನಿಗೆ ಕಾಯಲು ಆಗುವುದಿಲ್ಲ ಎಂದು ನೀನೇ ಬರೆದಿದ್ದೀ. ಅಲ್ಲಿಗೆ ಮುಗಿಯಿತು.

ಇಷ್ಟೇ ಬರೆದು ಅಂಟಿಸಬೇಕೆಂದಿದ್ದೆ. ಹಾಳೆ ಉಳಿದಿದೆ, ಉಳಿದದ್ದನ್ನೂ ಬರೆಯುತ್ತೇನೆ.

ನನಗೆ ಆ ಮನೆ ಬೇಡ. ಬೇಕು, ಆದರೆ ನಿನ್ನ ಕೈಯಿಂದ ಬೇಡ. ನೀನು ಹುಡುಕಿಕೊಟ್ಟು, ನೀನು ಮಾತಾಡಿ, ಶಕೀಲನ ಹೆಂಡತಿ ನನ್ನನ್ನು ಕಂಡು ಮರುಗಿ, ಬೆಲೆ ಇಳಿಸಿ ಕೊಡುವ ಮನೆ. ಓಣಿಯವರು ಏನೆನ್ನುತ್ತಾರೆ? "ಅದು ಸೋಮಲಿಂಗ ಮಾಸ್ತರ್ರು ಗೆಳ್ಯಾಗ ಕೊಡಿಸಿದ ಮನಿ" ಎನ್ನುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ನಿನ್ನ ಮಹಡಿ. ಸಂಜೆ ಕುರ್ಚಿ ಹಾಕಿಕೊಂಡು ಕೂತರೆ ನಿನ್ನ ಮಹಡಿ. ನೀನು ಮೇಲಿಂದ "ಸತ್ಯಾ, ಚಹಾ ಆತೇನ್ಲೇ" ಎಂದು ಕೂಗುವುದು, ನಾನು ಕತ್ತೆತ್ತಿ "ಆತು" ಎನ್ನುವುದು. ದೂರ ಇದ್ದಾಗಲೇ ನನಗೆ ಇಷ್ಟು ಉರಿಯುತ್ತದೆ. ಪಕ್ಕದಲ್ಲಿದ್ದರೆ ಸುಟ್ಟೇ ಹೋಗುತ್ತೇನೆ.

ಬಾದಾಮಿಯಲ್ಲಿ ನನಗಿಂತ ಎತ್ತರದಲ್ಲಿರುವವು ಮಂಗಗಳು. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ರಂಜನಾಗೆ ಈ ವಿಷಯ ಹೇಳಿಲ್ಲ. ಆಗದ ಮಾತನ್ನು ಹೇಳಿ ಆಸೆ ಹುಟ್ಟಿಸುವುದು ಬೇಡ. ನೀನೂ ಹೇಳಬೇಡ.

ಸತ್ಯಬೋಧ


ಬಾದಾಮಿ
೨೭ ಮೇ ೨೦೨೬

ಸೋಮಲಿಂಗಣ್ಣನವರಿಗೆ ರಂಜನಾಳ ನಮಸ್ಕಾರ.

ನೀವಿಬ್ಬರೂ ಕಾಗದದಲ್ಲೇ ಮಾತಾಡುತ್ತೀರೆಂದು ನಾನೂ ಕಾಗದ ಹಿಡಿದೆ. ನಿನ್ನೆ ಮಹಾದೇವಿ ಫೋನು ಮಾಡಿ, "ವೈನಿ, ಶಕೀಲಣ್ಣನ ಮನಿ ಯಾಕ ಒಲ್ಲೆ ಅಂದ್ರಿ?" ಎಂದಳು. ಯಾವ ಮನಿ ಎಂದೆ. ಅವಳು ಪಾಪ, ನಾಲಿಗೆ ಕಚ್ಚಿಕೊಂಡಳು. ಆಮೇಲೆ ಎಲ್ಲ ಹೇಳಿದಳು.

ಇವರು ಬಸ್ಸಿಳಿದು ಬಂದು ಕೈಕಾಲು ತೊಳೆದರು. ತಾಟು ಇಟ್ಟ ಮೇಲೆ ಕೇಳಿದೆ.

"ಅಧಿಕ ಮಾಸ ಅದ" ಎಂದರು.

"ಕಾಗದ ಎಂದ ಬಂತು?"

"ಮೇ ನಾಕಕ್ಕ."

"ಆವಾಗ ವೈಶಾಖ ಇತ್ತಲ್ಲರಿ. ಹದಿಮೂರು ದಿನ ಕಿಸೇದಾಗ ಇಟಗೊಂಡು ತಿರಗ್ಯಾಡೀರಿ. ಅಧಿಕ ಮಾಸ ಹತ್ತಲಿ ಅಂತ ಕಾಯ್ದೀರಿ. ಈ ಅಧಿಕ ಮಾಸ ಪಂಚಾಂಗದಾಗ ಅದನೋ, ನಿಮ್ಮ ಹೊಟ್ಟ್ಯಾಗ ಅದನೋ?"

ಅವರು ತಾಟಿನ ಮುಂದಿನಿಂದ ಎದ್ದು ಹೋದರು. ಊಟದ ಮೇಲಿನ ಸಿಟ್ಟು ಅವರಿಗೆ ರೂಢಿಯಾಗಿದೆ. ನಾನು ಕೂತು ಹೊಟ್ಟೆ ತುಂಬ ಉಂಡೆ.

ಅಣ್ಣಾ, ನಾಳಿದ್ದು ನಾನು ಬರುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಮುಟ್ಟಬಹುದು, ಆದರೂ ಬರೆದಿಟ್ಟದ್ದು ಒಳ್ಳೆಯದು. ಸಂಚಕಾರ ನನ್ನ ಕೈಯಿಂದ ಕೊಡುತ್ತೇನೆ. ಸೊಸೈಟಿಯಲ್ಲಿ ಮೂವತ್ತು ವರ್ಷ ಕಂಡವರ ಮನೆಸಾಲದ ಕಾಗದ ಬರೆದಿದ್ದೇನೆ, ನನ್ನ ಮನೆಯ ಕಾಗದ ನನಗೆ ಬರೆಸಲು ಬರುತ್ತದೆ. ಕಡಿಮೆ ಬಿದ್ದದ್ದಕ್ಕೆ ಸೊಸೈಟಿಯ ಸಾಲವಿದೆ, ನನ್ನ ಕೈಯ ಬಂಗಾರದ ಪಾಟಲಿ ಬಿಲ್ವರ ಇವೆ. ಖರೀದಿ ನನ್ನ ಒಬ್ಬಳ ಹೆಸರಿಗೆ ಆಗಲಿ. ನಾನೂ ಅದೇ ಮನೆತನದ ಸೊಸೆ, ಒಂದು ಏಕಾದಶಿ ತಪ್ಪಿಸಿದವಳಲ್ಲ. ಅಧಿಕ ಮಾಸದಲ್ಲಿ ಯಾಕೆ ಕೊಂಡೆ ಎಂದು ದೇವರು ಕೇಳಿದರೆ, ನಾನು ಹೇಳಿಕೊಳ್ಳುತ್ತೇನೆ.

ನನಗೂ ಹೊಟ್ಟೆಕಿಚ್ಚು ಇಲ್ಲವೆಂದಲ್ಲ. ಮಹಾದೇವಿಯ ಅಡುಗೆಕಟ್ಟೆ ನೋಡಿದ ದಿನ ನನಗೂ ಉರಿಯಿತು. ನಾನು ಎದ್ದು ಹೋಗಲಿಲ್ಲ. ಎಷ್ಟು ಎತ್ತರ ಹಾಕಿಸಿದಿ ಎಂದು ಅವಳನ್ನೇ ಕೇಳಿ, ಸೆರಗಿನಿಂದ ಅಳೆದುಕೊಂಡು ಬಂದೆ.

ಒಂದು ಮಾತಿಗೆ ಸಿಟ್ಟಾಗಬೇಡಿ. "ತಂಗಿಗೂ ಓದಿ ಹೇಳು" ಎಂದು ಅವರಿಗೆ ಬರೆದಿರಲ್ಲ, ನನ್ನ ಹೆಸರಿಗೇ ಒಂದು ಕಾಗದ ಹಾಕಲು ನಿಮಗೆ ಏನಾಗಿತ್ತು? ನಿಮ್ಮಿಬ್ಬರ ಗೆಳೆತನದ ಸಂದಿಯಲ್ಲಿ ನನ್ನ ಮನೆ ಬಿದ್ದು ಹೋಗುತ್ತಿತ್ತು.

ನಿಮ್ಮ ತಂಗಿ
ರಂಜನಾ


ಬಾದಾಮಿ
೭ ಜೂನ್ ೨೦೨೬

ಸೋಮಲಿಂಗ,

ಪ್ಲಾಟು ನಿನಗೆ ಸಿಕ್ಕಿತು, ಮಹಡಿ ಸಿಕ್ಕಿತು, ಈಗ ನನ್ನ ಹೆಂಡತಿಯೂ ನಿನ್ನ ಓಣಿಗೆ ಬಂದಳು. ಸಾಮಾನು ಕಟ್ಟುವಾಗ ಅವಳು ನನ್ನನ್ನು ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಅರ್ಧ ಪಾತ್ರೆ ಬಿಟ್ಟು ಹೋಗಿದ್ದಾಳೆ. ನನ್ನ ಪಾಲಿಗೆ ಬಂದವು ಹಿಡಿ ಮುರಿದವು.

ನಿನ್ನ ಗ್ರಾಫನ್ನು ನೀನೇ ಬರೆದುಕೋ.

ಸ.


ನವನಗರ
೩ ಜುಲೈ ೨೦೨೬

ಸತ್ಯಾ,

ನಿನ್ನ ಕೊನೆಯ ಕಾಗದಕ್ಕೆ ಸಿಟ್ಟಿನಲ್ಲಿ ಉತ್ತರ ಬರೆದು ಹರಿದು ಹಾಕಿದೆ. ಕಾಗದದ ಗುಣ ನೀನೇ ಹೇಳಿಕೊಟ್ಟದ್ದು.

ಸುದ್ದಿ ಇಷ್ಟು. ಖರೀದಿ ಆಯಿತು. ಶಕೀಲ, ಮಾಬುಬಿ ಇಳಕಲ್ಲಿಗೆ ಹೋದರು. ಹೋಗುವಾಗ ಮಾಬುಬಿ ರಂಜನಾ ತಂಗಿಗೆ ಬೀಗದ ಕೈ ಕೊಟ್ಟು, ಯಾವ ನಲ್ಲಿ ಸೋರುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತದೆ ಎಂದು ಒಂದೊಂದನ್ನೇ ತೋರಿಸಿ ಹೋದಳು. ಗೌಂಡಿ ಬಂದು ಅಡುಗೆಕಟ್ಟೆ ಒಡೆದು ಎತ್ತರ ಮಾಡುತ್ತಿದ್ದಾನೆ. ನಾನು ಏನಾದರೂ ಸಹಾಯ ಮಾಡಲೇ ಎಂದು ಹೋಗಿದ್ದೆ. "ಅಣ್ಣಾ, ನಿಮಗ ಗ್ರಾಫ್ ಬರ್ತದ, ಗೌಂಡಿ ಕೆಲಸ ಬರೂದಿಲ್ಲ" ಎಂದು ಹೊರಗೆ ಕಳಿಸಿದಳು.

ನನ್ನ ಮನೆಯ ಸ್ಥಿತಿಯನ್ನೂ ಕೇಳು. ಅವ್ವ ಬೆಳಿಗ್ಗೆ ಎದ್ದವಳೇ ಕೋಲು ಊರಿಕೊಂಡು ಆ ಮನೆಗೆ ಹೋಗುತ್ತಾಳೆ. ಮಹಡಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ಅಲ್ಲಿ ಎಲ್ಲ ಕೆಳಗೇ ಇದೆಯಂತೆ. ಸಂಜೆ ಮಹಾದೇವಿಯೂ ಅಲ್ಲೇ. ನಾನು ಮಹಡಿಯ ಮೇಲೆ ಒಬ್ಬನೇ ಚಹಾ ಕುಡಿಯುತ್ತೇನೆ. ನಿನಗೆ ಉರಿದಷ್ಟು ಅಲ್ಲದಿದ್ದರೂ, ನನಗೂ ಸ್ವಲ್ಪ ಬಿಸಿ ತಾಗಿದೆ.

ಮೊನ್ನೆ ಸಂಜೆ ಮೂವರೂ ಆ ಮನೆಯ ಮುಂದಿನ ಕಟ್ಟೆಯ ಮೇಲೆ ಮೆಂತೆ ಸೋಸುತ್ತ ಕೂತಿದ್ದರು. ಅವ್ವ ಏನೋ ಅಂದಳು. ರಂಜನಾ ತಂಗಿ ನಕ್ಕದ್ದು ಗೋಡೆ ದಾಟಿ ನಮ್ಮ ಪಡಸಾಲೆಯವರೆಗೆ ಕೇಳಿತು. ಮೂವತ್ತು ವರ್ಷದಿಂದ ಅವಳನ್ನು ಬಲ್ಲೆ, ಅವಳು ಇಷ್ಟು ದೊಡ್ಡದಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಈಗ ದಿನಾ ಕೇಳುತ್ತದೆ.

ನಿನ್ನ ಬಗ್ಗೆ ಅವಳು ಮಾತೆತ್ತುವುದಿಲ್ಲ. ನಾನೇ ಕೇಳಿದೆ. "ಬಾಗಲಾ ಅದ, ದಾರಿ ಗೊತ್ತದ" ಎಂದಳು.

ಪುಸ್ತಕ ಅಚ್ಚಿಗೆ ಹೋಗಬೇಕು. ನಿನ್ನ ಪುಟ ಒಂದೇ ಖಾಲಿ ಇದೆ. ನಾನು ಬರೆದರೆ ಅದು ಲೆಕ್ಕದ ಹಾಗೆ ಆಗುತ್ತದೆ, ನೀನೇ ಬರಿ.

ಸೋಮಲಿಂಗ


ಬಾದಾಮಿ
೮ ಜುಲೈ ೨೦೨೬

ರಂಜನಾ,

ನಿನಗೆ ಕಾಗದ ಬರೆದು ನನಗೆ ರೂಢಿಯಿಲ್ಲ. ಮದುವೆಯಾದಂದಿನಿಂದ ಒಂದೇ ಸೂರಿನಡಿ ಇದ್ದೆವು, ಬರೆಯುವ ಪ್ರಸಂಗವೇ ಬರಲಿಲ್ಲ. ಪ್ರಿಯ ಎಂದು ಹಾಕಲೇ ಬೇಡವೇ ಎಂದು ಯೋಚಿಸಿ, ಹಾಕದೆ ಬಿಟ್ಟೆ. ಸಿಟ್ಟಿನಲ್ಲಿದ್ದೀಯಲ್ಲ.

ಇಲ್ಲಿಯ ಸಂಗತಿ ಹೇಳುತ್ತೇನೆ. ಹಾಲು ಎರಡು ಸಲ ಉಕ್ಕಿತು. ನಿನ್ನ ತುಳಸಿಗೆ ನೀರು ಹಾಕುತ್ತಿದ್ದೇನೆ, ಒಂದು ದಿನ ಮರೆತಿದ್ದೆ, ಸತ್ತಿಲ್ಲ. ಮಂಗಗಳು ಹಿತ್ತಲಿನ ಹಗ್ಗದಿಂದ ನನ್ನ ಧೋತರ ಒಯ್ದು ಗುಡ್ಡದ ಮೇಲೆ ಹಾಕಿವೆ. ಮಗಳು ತೃಪ್ತಿ ಇಳಕಲ್ಲಿನಿಂದ ಫೋನು ಮಾಡಿ, ಅವ್ವನ ಹೊಸ ಮನೆ ನೋಡಿ ಬಂದೆ, ಭಾಳ ಛಲೋ ಅದ ಎಂದು ಅರ್ಧ ತಾಸು ಹೇಳಿದಳು. ನಾನು ಹೂಂ ಎನ್ನುತ್ತ ಕೂತೆ. ಮಗಳಿಗೂ ನಾನು ನೋಡದ ಕೋಣೆಗಳು ಗೊತ್ತು.

ಗ್ರಾಫಿನ ವಿವರಣೆ ನಿನ್ನೆ ಬರೆದು ಕಳಿಸಿದೆ. ಮೂರು ಊರುಗಳಲ್ಲೂ ಬೆಲೆ ಏರಿತು, ಬಾಗಲಕೋಟೆಯಲ್ಲಿ ಹೆಚ್ಚು, ಬಾದಾಮಿಯಲ್ಲಿ ಕಡಿಮೆ ಎಂದು ಬರೆದೆ. ಬರೆಯುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ಏನು ಏರಿದರೆ ನನಗೇನು ಎನಿಸಿತು.

ಸೋಮಲಿಂಗ ಒಂದು ಕಾಗದ ಬರೆದಿದ್ದ. ನೀನು ಕಟ್ಟೆಯ ಮೇಲೆ ಕೂತು ನಕ್ಕದ್ದು ಅವನ ಪಡಸಾಲೆಗೆ ಕೇಳಿತಂತೆ. ನೀನು ಅಷ್ಟು ದೊಡ್ಡದಾಗಿ ನಗುತ್ತೀ ಎಂದು ಅವನಿಗೆ ಗೊತ್ತಿರಲಿಲ್ಲವಂತೆ. ನನಗೆ ಗೊತ್ತಿತ್ತು. ನಮ್ಮ ಮದುವೆಯಾದ ವರ್ಷ ನೀನು ಹಾಗೆ ನಕ್ಕರೆ ನಮ್ಮ ಅವ್ವ ಒಳಗಿನಿಂದ ಕೆಮ್ಮುತ್ತಿದ್ದಳು. ಯಾವಾಗ ನಿಂತಿತು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ, ವರ್ಷ ಸಿಗುತ್ತಿಲ್ಲ. ನಾನು ಗಮನಿಸಿದ್ದರೆ ತಾನೆ ಸಿಗುವುದು. ನಾನು ಆಗೆಲ್ಲ ನವನಗರದ ಕಡೆ ನೋಡುತ್ತಿದ್ದೆ.

ಇಷ್ಟು ವರ್ಷ ಅವನ ಪ್ಲಾಟು, ಅವನ ಮಹಡಿ, ಅವನ ಕೂದಲು ಎಂದು ಉರಿದೆ. ಈಗ ಅವು ಯಾವುವೂ ಬೇಡ. ಈಗ ನೆನೆಸಿಕೊಂಡರೆ ಉರಿಯುವುದು ಅವನ ಗೋಡೆಯ ಮೇಲೆ. ನೀನು ನಗುವುದು ಆ ಗೋಡೆಗೆ ದಿನಾ ಕೇಳುತ್ತದೆ, ನನಗೆ ಕೇಳುವುದಿಲ್ಲ.

ಭಾನುವಾರ ಮೊದಲನೆಯ ಬಸ್ಸಿಗೆ ಬರುತ್ತೇನೆ. ಹೊರಗೆ ನಿಲ್ಲಿಸಿ ಎಷ್ಟು ಹೊತ್ತು ಬೇಕಾದರೂ ಬೈಯಿ. ಓಣಿಯವರು ನೋಡಲಿ, ಸೋಮಲಿಂಗ ಮಹಡಿಯಿಂದ ನೋಡಲಿ. ಬೈದು ಮುಗಿದ ಮೇಲೆ ಒಳಗೆ ಕರಿ.

ಸತ್ಯಬೋಧ